‘ಗೃಹೋದ್ಯೋಗ’ಕ್ಕೆ ಕನ್ನಡದಲ್ಲಿ ಏನನ್ನೋಣ? ‘ಮನೆ ಕಸುಬು’ ಅಂದ್ರೆ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಹೌಸಿಂಗ್ ಸೊಸೈಟಿ ಅಕ್ಕಪಕ್ಕ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಮಾಡಿ ಮಾರೋ ಕನ್ನಡದ ಹೆಣ್ಮಕ್ಕಳು ಸುಮಾರು ಜನ ಇದಾರೆ, ಅವರಿಗೆ ವಲಯ ನಿಯಮ (ಊರಲ್ಲಿ ಯಾವ ಜಾಗ ಮನೆಗೆ, ಯಾವುದು ಅಂಗಡಿಗೆ, ಯಾವುದು ಕಾರ್ಖಾನೆಗೆ ಅನ್ನೋ ನಿಯಮ) ಏನು ಹೇಳುತ್ತೆ ಅಂತ ತಿಳಿಸೋಕೆ ಎರಡು ಪುಟದ ಕನ್ನಡ ಕರಪತ್ರ ಬರೀತಾ ಇದೀನಿ. ಒಂದು ಪದದ ಹತ್ರ ನಿಂತುಬಿಟ್ಟಿದೆ.

ಮೂಲ ಇರೋದು ಮಹಾರಾಷ್ಟ್ರದ 2020ರ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಲಿ. ಬೃಹನ್ಮುಂಬೈಗೆ ಬೇರೆ ಇದೆ, ಪುಣೆಗೆ ಇದೇ. ಅದರಲ್ಲಿ ವಸತಿ ವಲಯದ ಮನೆಗಳಲ್ಲಿ ‘ಹೋಂ ಆಕ್ಯುಪೇಷನ್’ಗೆ ಅವಕಾಶ ಇದೆ, ಆದರೆ ಅದರ ವ್ಯಾಖ್ಯೆ ಬಹಳ ಬಿಗಿ. ಆ ಮನೆಲೇ ವಾಸ ಇರೋ ಕುಟುಂಬದವರು ರೂಢಿಯಿಂದ ಮಾಡ್ಕೊಂಡು ಬಂದ ಕೆಲಸ ಆಗಿರಬೇಕು, ಸಂಬಳದ ಆಳು ಇಡಬಾರದು, ಹೊರಗಿಂದ ನೋಡಿದರೆ ಇಲ್ಲಿ ವ್ಯಾಪಾರ ನಡೀತಿದೆ ಅಂತ ಗೊತ್ತಾಗೋ ಬೋರ್ಡು ಗೀರ್ಡು ಇರಬಾರದು, ಮನೆಬಳಕೆಯದ್ದು ಬಿಟ್ಟು ಬೇರೆ ಯಂತ್ರ ಇರಬಾರದು, ಜನ ಬಂದು ಕೂತು ತಿನ್ನೋ ಜಾಗವಂತೂ ಅಲ್ಲವೇ ಅಲ್ಲ.

ಇದಕ್ಕೆ ಇಲ್ಲಿ ಮರಾಠಿಲಿ ಎಲ್ಲರೂ ಆಡೋ ಮಾತು ‘ಗೃಹೋದ್ಯೋಗ’. ನಾನೂ ಹಾಗೇ ಎತ್ತಿಕೊಂಡು ‘ಗೃಹ ಉದ್ಯೋಗ’ ಅಂತ ಬರೆದು ಕೆಳಗಿನ ಮನೆ ಅಕ್ಕನಿಗೆ ಓದೋಕೆ ಕೊಟ್ಟೆ. ಅವರು ಬಾಗಲಕೋಟೆ ಕಡೆಯವರು, ರೊಟ್ಟಿ ಬಡೀತಾ ಇದ್ದರು, ಹಿಟ್ಟಿನ ಕೈಯಲ್ಲೇ ಹಾಳೆ ತುದಿ ಹಿಡ್ಕೊಂಡು ಓದಿ, “ಏ ತಮ್ಮಾ, ಮನ್ಯಾಗ ಕುಂತು ಮಾಡೂ ನೌಕರಿ ಕೊಡ್ತಾರೇನು? ಪಗಾರ ಎಷ್ಟಂತ?” ಅಂತ ಕೇಳಿದ್ರು. ಅವರದ್ದೇನೂ ತಪ್ಪಿಲ್ಲ. ಮರಾಠಿಲಿ ‘ಉದ್ಯೋಗ’ ಅಂದ್ರೆ ಇಂಡಸ್ಟ್ರಿ, ನಮ್ಮಲ್ಲಿ ಅದೇ ಪದ ನೌಕರಿ ಆಗಿ ಕೂತಿದೆ, ಇಂಡಸ್ಟ್ರಿಗೆ ನಾವು ಉದ್ಯಮ, ಕೈಗಾರಿಕೆ ಅಂತೀವಿ. ನಮ್ಮ ಉದ್ಯೋಗ ಖಾತರಿ ಇಲ್ಲಿ ‘ರೋಜಗಾರ ಹಮೀ’. ಮಹಾಭಾರತದ ಉದ್ಯೋಗಪರ್ವದಲ್ಲಿ ಇರೋ ಉದ್ಯೋಗಕ್ಕೆ ಪ್ರಯತ್ನ, ಸಿದ್ಧತೆ ಅನ್ನೋ ಅರ್ಥ, ಅದಂತೂ ಎರಡೂ ಕಡೆ ದಿನದ ಮಾತಿಂದ ದೂರ ಆಗಿದೆ.

ಇಂಥ ಜೋಡಿ ಇನ್ನೂ ಇವೆ, ಕೆಲವಂತೂ ದುಡ್ಡಿನ ನಷ್ಟಕ್ಕೇ ದಾರಿ. ಮರಾಠಿಲಿ ‘ಪರವಾನಗೀ’ ಅಂದ್ರೆ ಬರೀ ಅನುಮತಿ, ಲೈಸೆನ್ಸಿಗೆ ‘ಪರವಾನಾ’. ನಾವು ಪರವಾನಗಿ ಅಂದ್ರೆ ಲೈಸೆನ್ಸೇ ಅಂದ್ಕೊತೀವಿ. ಹಂಗಾಗಿ ಸೊಸೈಟಿಯವರು ‘ಪರವಾನಗೀ’ ಕೊಟ್ರು ಅಂದ ಕೂಡಲೇ ಲೈಸೆನ್ಸ್ ಕೆಲಸ ಮುಗೀತು ಅಂತ ನಮ್ಮವರು ನಿಶ್ಚಿಂತೆಯಿಂದ ಇದ್ದುಬಿಡೋ ಹಾಗಾಗುತ್ತೆ. ‘ಗುಮಾಸ್ತಾ’ ಅಂದ್ರೆ ಇಲ್ಲಿ ಅಂಗಡಿ ಕಾಯ್ದೆಯ ನೋಂದಣಿ, ನಮಗೆ ಕಚೇರಿಲಿ ಕೂತು ಬರೆಯೋ ಕ್ಲಾರ್ಕು. ಮೂಲ ಫಾರ್ಸಿ ಪದಕ್ಕೆ ನೇಮಕ ಆದವನು ಅಂತ ಅರ್ಥ, ಆ ಲೆಕ್ಕದಲ್ಲಿ ನಮ್ಮದೇ ಹತ್ತಿರ. 2017ರ ಹೊಸ ಅಂಗಡಿ ಕಾಯ್ದೆ ಬಂದಮೇಲೆ ಕೆಲಸಗಾರರು ಕಡಿಮೆ ಇರೋ ಚಿಕ್ಕ ಅಂಗಡಿಯವರು ಬರೀ ಮಾಹಿತಿ ಕೊಟ್ಟರೆ ಸಾಕು, ಆದರೆ ಆಗ ಸಿಗೋ ರಸೀದಿಗೂ ವಲಯ ನಿಯಮಕ್ಕೂ ಸಂಬಂಧ ಇಲ್ಲ, ಇದನ್ನ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲೇ ಹಾಕ್ತೀನಿ.

ಇನ್ನು ‘ಪರ್ಮಿಟೆಡ್ ಯೂಸ್’. ಮರಾಠಿಯ ‘ಅನುಜ್ಞೇಯ ವಾಪರ’ ನಮಗೆ ಬೇಡ, ‘ಅನುಮತಿಸಲಾದ ಉಪಯೋಗಗಳು’ ಅಂತ ಸರ್ಕಾರಿ ಕನ್ನಡದಲ್ಲಿ ಹಾಕಿದ್ರೆ ಅಕ್ಕ ಹಾಳೆ ಮಡಚಿ ಡಬ್ಬಿ ಕೆಳಗೆ ಇಡ್ತಾರೆ. ‘ಈ ಜಾಗದಲ್ಲಿ ಏನೇನು ಮಾಡಬಹುದು’ ಅಂತ ನೇರ ಬರೆದಿದೀನಿ, ಇದರಲ್ಲಿ ನನಗೆ ಅನುಮಾನ ಇಲ್ಲ.

ಅನುಮಾನ ಇರೋದು ಮೊದಲನೇದರಲ್ಲೇ. ‘ಗೃಹ ಕೈಗಾರಿಕೆ’ ಅಂದ್ರೆ ಯಂತ್ರ, ಆಳು ಎಲ್ಲಾ ಕಣ್ಣಮುಂದೆ ಬರುತ್ತೆ, ನಿಯಮ ಬೇಡ ಅನ್ನೋದೇ ಅವನ್ನ. ‘ಗೃಹೋದ್ಯಮ’ ಸ್ವಲ್ಪ ದೊಡ್ಡ ಮಾತಾಯ್ತು. ‘ಮನೆಗೆಲಸ’ ಅಂದ್ರೆ ಪಾತ್ರೆ ಬಟ್ಟೆ. ನನ್ನ ಮನಸ್ಸು ‘ಮನೆ ಕಸುಬು’ ಕಡೆ ವಾಲುತ್ತೆ, ಯಾಕಂದ್ರೆ ಕುಲಕಸುಬು ಅಂತೀವಲ್ಲ, ಆ ಪದದಲ್ಲಿ ರೂಢಿ, ಮನೆಯವರ ಕೈಯ ನೈಪುಣ್ಯ, ಅದರಿಂದ ಹೊಟ್ಟೆಪಾಡು ಮೂರೂ ಒಟ್ಟಿಗಿವೆ, ವ್ಯಾಖ್ಯೆಯ ‘ರೂಢಿಯಿಂದ’ ಅನ್ನೋದು ಬೇರೆ ಹೇಳಬೇಕಾಗೇ ಇಲ್ಲ. ಮರಾಠಿಲೂ ‘ಕಸಬ’ ಅಂದ್ರೆ ಕೈಚಳಕ.

ಆದರೆ ಉತ್ತರ ಕರ್ನಾಟಕದಲ್ಲಿ ‘ಕಸಬಿ’ ಅನ್ನೋದು ಹೆಣ್ಮಕ್ಕಳಿಗೆ ಬಳಸೋ ಕೆಟ್ಟ ಬೈಗುಳ. ನಾನು ಶಿರಸಿ ಕಡೆಯವನು, ನಮ್ಮಲ್ಲಿ ಕಸುಬು ಅಂದ್ರೆ ಆ ನೆನಪೇ ಬರಲ್ಲ. ಕರಪತ್ರ ಓದೋರು ಮಾತ್ರ ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಕಲಬುರಗಿಯವರು, ಅದೂ ಹೆಂಗಸರು. ಅಕ್ಕನ್ನ ಇದನ್ನ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಹೆಂಗಸರ ಕೆಲಸಕ್ಕೆ ‘ಕಸುಬು’ ಅಂದ್ರೆ ನಿಮ್ಮ ಕಡೆ ಮುಜುಗರ ಆಗುತ್ತಾ, ಇಲ್ಲಾ ಎರಡೂ ಬೇರೆಬೇರೆ ಪದ ಅಂತಲೇ ಕಿವಿಗೆ ಕೇಳುತ್ತಾ? ಆ ಜಿಲ್ಲೆಗಳ ಅಕ್ಕತಂಗಿಯರೇ ಉತ್ತರ ಬರೆದರೆ ಬಹಳ ಉಪಕಾರ, ಯಾವ ತಾಲೂಕು ಅಂತಲೂ ಹೇಳಿ.