ಜಪಾನಿನ ಹಳ್ಳಿಗಾಡಿನ ರ‍್ಯೋಕಾನ್: ಉಳಿದು ಬಂದವರ ಅನುಭವ ಬೇಕು

ಪ್ರಶ್ನೆ: ಮೈಸೂರಿನಿಂದ

ಬರುವ ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ ಮತ್ತು ಎಪ್ಪತ್ತೆರಡು ವರ್ಷದ ನನ್ನ ತಾಯಿ ಜಪಾನಿಗೆ ಹೊರಟಿದ್ದೇವೆ. ಬಿಸಿನೀರಿನ ಬುಗ್ಗೆಯಿರುವ, ಹಳೆಯ ಜಪಾನಿ ಪದ್ಧತಿಯ ಹಳ್ಳಿಗಾಡಿನ ವಸತಿಗೃಹವಾದ ರ‍್ಯೋಕಾನ್ ಒಂದರಲ್ಲಿ ಎರಡು ರಾತ್ರಿ ಇರಬೇಕೆಂದಿದ್ದೇವೆ. ತಾಯಿಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಮಂಡಿನೋವಿರುವುದರಿಂದ ನೆಲದ ಮೇಲೆ ಕೂತರೆ ಏಳುವುದು ಅವರಿಗೆ ಕಷ್ಟ. ಎರಡು ಹೊತ್ತಿನ ಊಟ ಸೇರಿ ರಾತ್ರಿಗೆ ತಲಾ 25,000 ಯೆನ್ ಮೀರಬಾರದು. ಎಲ್ಲಿಗೆ ಹೋಗಬಹುದು?

ಉತ್ತರ: ನಿಶಿಕಸಾಯಿ, ಟೋಕಿಯೊ

ಊಟದ ವಿಚಾರ ಬರವಣಿಗೆಯಲ್ಲಿ ಇತ್ಯರ್ಥವಾಗುವ ತನಕ ಕೋಣೆ ಕಾದಿರಿಸಬೇಡಿ. ನನ್ನ ಅತ್ತೆ ಮಾವ ಬಂದಿದ್ದಾಗ ಅವರನ್ನು ಹಕೋನೆಯ ಒಂದು ರ‍್ಯೋಕಾನಿಗೆ ಕರೆದುಕೊಂಡು ಹೋಗಿದ್ದೆವು. ತಲಾ 32,000 ಯೆನ್, ಶನಿವಾರವೆಂದು ಅದರ ಮೇಲೆ 4,000, ಸ್ನಾನದ ತೆರಿಗೆ 150. ನಾಲ್ವರಿಗೆ ಒಂದೇ ರಾತ್ರಿಗೆ 1,44,600 ಯೆನ್ ತೆತ್ತೆವು. ಮಾಂಸ, ಮೀನು, ಮೊಟ್ಟೆ ಬೇಡವೆಂದು ನನ್ನ ಯಜಮಾನರು ಜಪಾನಿ ಭಾಷೆಯಲ್ಲೇ ಬರೆದು, ಆಗಬಹುದೆಂಬ ಉತ್ತರವನ್ನೂ ತರಿಸಿಕೊಂಡಿದ್ದರು. ಆದರೆ ತಟ್ಟೆಗೆ ಬಂದದ್ದು ಮೀನಿನ ತುಂಡುಗಳನ್ನಷ್ಟೇ ಎತ್ತಿಟ್ಟ ಅದೇ ಊಟ. ಮಿಸೊ ಸಾರು, ಬೇಯಿಸಿದ ಮೂಲಂಗಿ, ಅಣಬೆಯ ಅನ್ನ, ತೆಂಪುರಾ ಎಂಬ ಕರಿದ ತಿಂಡಿಯನ್ನು ಅದ್ದಿಕೊಳ್ಳುವ ರಸ, ಎಲ್ಲಕ್ಕೂ ಒಣಮೀನಿನ ದಾಶಿ, ಅಂದರೆ ಕುದಿಸಿ ಬಸಿದ ಕಟ್ಟು. ತುಂಡು ಕಾಣದಿದ್ದರೆ ಮೀನಿಲ್ಲ ಎಂಬುದು ಆ ಅಡುಗೆಯವರ ಲೆಕ್ಕ. ಮಾವನವರು ಒಂದೂ ಮಾತಾಡದೆ ಬಿಳಿ ಅನ್ನಕ್ಕೆ ಚೀಲದಲ್ಲಿದ್ದ ಚಟ್ನಿಪುಡಿ ಕಲಸಿಕೊಂಡು ಉಂಡರು. ಬಡಿಸಲು ಬಂದಿದ್ದ ಹೆಂಗಸು ತಟ್ಟೆಗಳು ತುಂಬಿದಂತೆಯೇ ಇರುವುದನ್ನು ಕಂಡು ಮತ್ತೆ ಮತ್ತೆ ತಲೆಬಾಗಿ ಕ್ಷಮೆ ಕೇಳಿದಳು, ಬಿಲ್ಲಿನಲ್ಲಿ ಒಂದು ಯೆನ್ ಕೂಡ ಇಳಿಯಲಿಲ್ಲ. ಆದ್ದರಿಂದ ‘ಸಸ್ಯಾಹಾರಿ’ ಎಂದು ಬರೆದು ಸುಮ್ಮನಾಗಬೇಡಿ; ಕತ್ಸುವೊಬುಶಿ (ಒಣಮೀನು) ದಾಶಿ ಬೇಡ, ಕೊಂಬು (ಒಂದು ಬಗೆಯ ಕಡಲಪಾಚಿ) ಅಥವಾ ಒಣ ಅಣಬೆಯ ದಾಶಿ ಆಗಬಹುದು ಎಂದು ಹೆಸರು ಹಿಡಿದು ಬರೆಯಿರಿ.

ಉತ್ತರ: ಒಸಾಕಾ

ಇಷ್ಟೆಲ್ಲ ಪತ್ರ ವ್ಯವಹಾರದ ಅಗತ್ಯವೇ ಇಲ್ಲ, ಕೋಯಾಸಾನ್ ಬೆಟ್ಟಕ್ಕೆ ಹೋಗಿ. ಬೌದ್ಧ ಗುರು ಕೂಕಾಯ್ 816ರಲ್ಲಿ ಸಾಮ್ರಾಟರಿಂದ ಪಡೆದ ಆ ಬೆಟ್ಟದಲ್ಲಿ ಐವತ್ತರಷ್ಟು ದೇವಾಲಯಗಳು ಯಾತ್ರಿಕರಿಗೆ ವಸತಿ ಕೊಡುತ್ತವೆ. ಅಲ್ಲಿಯ ಶೋಜಿನ್ ಎಂಬ ಬೌದ್ಧ ಸನ್ಯಾಸಿಗಳ ಅಡುಗೆಯಲ್ಲಿ ಮಾಂಸ, ಮೀನುಗಳಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿಗಳೂ ಇಲ್ಲ. ನಮ್ಮ ತಂದೆಯವರು ಮಡಿಯವರು. ಹೊರಗೆ ನೀರು ಕುಡಿಯಲೂ ಹಿಂದೆಮುಂದೆ ನೋಡುವವರು ಅಲ್ಲಿ ಎಳ್ಳಿನ ತೋಫುವನ್ನು ಇನ್ನೊಂದು ಕೇಳಿ ಹಾಕಿಸಿಕೊಂಡರು. ನಾವು ಕೊಟ್ಟದ್ದು ತಲಾ 16,500 ಯೆನ್. ನಂಬಾ ನಿಲ್ದಾಣದಿಂದ ನಾಂಕಾಯ್ ರೈಲಿನಲ್ಲಿ ಗೊಕುರಾಕುಬಾಶಿ, ಅಲ್ಲಿಂದ ಐದು ನಿಮಿಷ ಕೇಬಲ್ ಕಾರ್, ಆಮೇಲೆ ಬಸ್ಸು. ಕಷ್ಟವನ್ನೂ ಹೇಳಿಬಿಡುತ್ತೇನೆ: ಬೆಟ್ಟ ಸುಮಾರು 800 ಮೀಟರ್ ಎತ್ತರದಲ್ಲಿದೆ, ಫೆಬ್ರವರಿಯಲ್ಲಿ ಹಿಮ ಬೀಳುತ್ತದೆ, ಗೋಡೆಗಳು ಕಾಗದದವು. ಕೋಣೆಯ ಸೀಮೆಎಣ್ಣೆಯ ಒಲೆಯನ್ನು ಮಲಗುವಾಗ ಆರಿಸಬೇಕೆಂದರು. ಶೌಚಾಲಯ ಉದ್ದದ ಮೊಗಸಾಲೆಯ ಆಚೆ ತುದಿಯಲ್ಲಿತ್ತು, ರಾತ್ರಿ ಅದರ ಹಲಗೆಯ ನೆಲದ ಮೇಲೆ ಕಾಲಿಟ್ಟರೆ ತಲೆಯವರೆಗೂ ಚಳಿ ಏರುತ್ತಿತ್ತು. ಬೆಳಿಗ್ಗೆ ಆರಕ್ಕೆ ಪೂಜೆಗೆ ಎದ್ದು ಕೂತಾಗ ಅದೆಲ್ಲ ಮರೆತುಹೋಯಿತು.

ಉತ್ತರ: ಹುಬ್ಬಳ್ಳಿ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ಪ್ರಶ್ನೆ ಕೇಳಿರುವುದು ಬಿಸಿನೀರಿನ ಬುಗ್ಗೆಯ ಬಗ್ಗೆ, ಒಸಾಕಾದ ಮಹನೀಯರು ಹೇಳುತ್ತಿರುವುದು ದೇವಸ್ಥಾನದ ಬಗ್ಗೆ. ಕೋಯಾಸಾನಿನ ಬಹುಪಾಲು ವಸತಿಗಳಲ್ಲಿರುವುದು ಕಾಯಿಸಿದ ನೀರು. ರ‍್ಯೋಕಾನ್‌ಗಳ ವಿಷಯದಲ್ಲೂ ಫಲಕ ನೋಡಿ ಮೋಸಹೋಗಬಾರದು. ಜಪಾನಿನ 1948ರ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇದ್ದರೆ, ಇಲ್ಲವೇ ಪಟ್ಟಿಯಲ್ಲಿರುವ ಹತ್ತೊಂಬತ್ತು ಅಂಶಗಳಲ್ಲಿ ಒಂದು ನಿಗದಿತ ಪ್ರಮಾಣದಲ್ಲಿದ್ದರೆ ಅದು ಒನ್‌ಸೆನ್, ಅಂದರೆ ಬಿಸಿನೀರಿನ ಬುಗ್ಗೆ. ಅದನ್ನು ಕಾಯಿಸಿ, ಸೋಸಿ, ಕ್ಲೋರಿನ್ ಬೆರೆಸಿ ಅದನ್ನೇ ಮತ್ತೆ ಮತ್ತೆ ಕೊಳಕ್ಕೆ ಬಿಟ್ಟರೂ ಹೆಸರು ಬದಲಾಗುವುದಿಲ್ಲ. 2004ರಲ್ಲಿ ನಾಗಾನೊದ ಶಿರಾಹೊನೆಯಲ್ಲಿ ನೀರು ಹಾಲಿನಂತೆ ಕಾಣಲೆಂದು ಪುಡಿ ಬೆರೆಸಿದ್ದು ಬಯಲಾಗಿ, ಮರುವರ್ಷದಿಂದ ನೀರಿಗೆ ಏನೇನು ಮಾಡಲಾಗಿದೆ ಎಂದು ಬರೆದು ತೂಗುಹಾಕುವುದು ಕಡ್ಡಾಯವಾಯಿತು. ಕೊಳಕ್ಕೆ ಇಳಿಯುವ ಮುನ್ನ ಆ ಹಾಳೆಯನ್ನು ಓದುವವರು ನಮ್ಮಲ್ಲಿ ಎಷ್ಟು ಜನ?

ನಾವು ಹೋದದ್ದು ಅಕಿತಾ ಪ್ರಾಂತ್ಯದ ನ್ಯೂತೊ ಕಣಿವೆಗೆ. ಮೂಲದಿಂದ ನೇರವಾಗಿ ಕೊಳಕ್ಕೆ ಬಂದು ತುಂಬಿ ಹೊರಗೆ ಹರಿದುಹೋಗುವ ಗಂಧಕದ ನೀರು, ಸುತ್ತ ಎದೆಮಟ್ಟದ ಹಿಮ. ತಲಾ 19,800 ಯೆನ್ ಕೊಟ್ಟೆವು. ವಸತಿಗಿಂತ ದಾರಿಯೇ ದುಬಾರಿಯಾಯಿತು. ಪ್ರವಾಸಿಗರು ಕೊಳ್ಳುವ ಏಳು ದಿನಗಳ ಜೆ.ಆರ್. ರೈಲು ಪಾಸ್ 2023ರ ಅಕ್ಟೋಬರಿನಲ್ಲಿ 29,650ರಿಂದ 50,000 ಯೆನ್‌ಗೆ ಏರಿತ್ತು. ಹಿಮದಿಂದಾಗಿ ರೈಲು ತಡವಾಗಿ ತಜಾವಾಕೊ ನಿಲ್ದಾಣದಲ್ಲಿ ಬಸ್ಸು ತಪ್ಪಿತು, ಟ್ಯಾಕ್ಸಿಗೆ ಎಂಟು ಸಾವಿರ ಯೆನ್ ಹೋಯಿತು, ರಾತ್ರಿಯೂಟದ ಹೊತ್ತು ಮೀರಿತೆಂದು ತಣ್ಣನೆಯ ತಟ್ಟೆ ಇಟ್ಟರು. ಸಾಲದ್ದಕ್ಕೆ ಒಂದೇ ಸ್ನಾನಕ್ಕೆ ನಮ್ಮ ಮನೆಯವರ ಬೆಳ್ಳಿ ಕಾಲುಂಗುರಗಳು ಇದ್ದಿಲಿನ ಬಣ್ಣಕ್ಕೆ ತಿರುಗಿದವು. ಗಂಧಕವು ಬೆಳ್ಳಿಯನ್ನು ಬಿಡುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಪೂರ್ತಿ ಹೋಗದೆ ಊರಿಗೆ ಬಂದು ಅಕ್ಕಸಾಲಿಗರಿಂದ ಮೆರುಗು ಹಾಕಿಸಬೇಕಾಯಿತು. ಇಷ್ಟಾದರೂ ನೀರೆಂದರೆ ಆ ನೀರೇ.

ಉತ್ತರ: ಶಿವಮೊಗ್ಗ, ಸದ್ಯ ಕ್ಯೋತೊ

ಕಾಲುಂಗುರ ತೆಗೆದಿಟ್ಟು ನೀರಿಗಿಳಿದಿದ್ದರೆ ಆ ಖರ್ಚು ಉಳಿಯುತ್ತಿತ್ತಲ್ಲ, ಸರ್. ರಸಾಯನಶಾಸ್ತ್ರದ ಅಧ್ಯಾಪಕರಿಗೆ ಇದನ್ನು ಹೇಳಬೇಕೆ?

ನನ್ನ ಆಯ್ಕೆ ಬಿಸಿನೀರಿನ ಬುಗ್ಗೆಗಳ ಊರಾದ ಕಿನೊಸಾಕಿ. ಕ್ಯೋತೊದಿಂದ ನೇರ ರೈಲು, ಎರಡೂವರೆ ಗಂಟೆ. ಊರಿನೊಳಗೆ ಏಳು ಸಾರ್ವಜನಿಕ ಸ್ನಾನಗೃಹಗಳಿವೆ, ತಂಗಿದವರಿಗೆ ಅವುಗಳ ಪ್ರವೇಶ ವಸತಿಯ ಬೆಲೆಯಲ್ಲೇ ಸೇರಿರುತ್ತದೆ. ನಾನು ಊಟವಿಲ್ಲದ ಕೋಣೆಯನ್ನು ತಲಾ 11,000 ಯೆನ್‌ಗೆ ಪಡೆದೆ. ಫೆಬ್ರವರಿಯಲ್ಲಿ ಅಲ್ಲಿ ಏಡಿಯ ಕಾಲ, ಊಟ ಸೇರಿಸಿದರೆ ಬೆಲೆ ಮೂರುಪಟ್ಟು ಏರುತ್ತದೆ, ಸಸ್ಯಾಹಾರಿಗಳು ತಿನ್ನದ ಏಡಿಗೆ ಹಣ ಕಟ್ಟಿದಂತಾಗುತ್ತದೆ. ದಾಶಿಯ ಬಗ್ಗೆ ಪುಟಗಟ್ಟಲೆ ಪತ್ರ ಬರೆದು ಒಂದೂವರೆ ಲಕ್ಷ ಯೆನ್ ಸುರಿಯುವುದು ನನ್ನ ಬುದ್ಧಿಗೆ ಎಟುಕದ ಸಂಗತಿ. ನಾನು ಅಂಗಡಿಯಿಂದ ಉಪ್ಪಿನ ಪ್ಲಮ್ ತುಂಬಿದ ಅನ್ನದುಂಡೆ ತಂದು ತಿಂದು, ಏಳೂ ಕೊಳಗಳಿಗೆ ಇಳಿದು ಬಂದೆ.

ಉತ್ತರ: ನಿಶಿಕಸಾಯಿ, ಟೋಕಿಯೊ

ಕ್ಯೋತೊದವರು ಆ ಅನ್ನದುಂಡೆಯ ಹೊದಿಕೆಯ ಹಿಂಬದಿಯನ್ನು ಓದಿದಂತಿಲ್ಲ. ಅಂಗಡಿಯ ಪ್ಲಮ್ ಅನ್ನದುಂಡೆಗಳಲ್ಲಿ ಅನೇಕಕ್ಕೆ ಮೀನಿನ ಸಾರವನ್ನೇ ಬೆರೆಸಿರುತ್ತಾರೆ. ಅಗ್ಗದ ಹೆಮ್ಮೆಯಲ್ಲಿ ತಾವು ತಿಂದದ್ದೇನೆಂದು ನನಗೆ ಗೊತ್ತು, ತಮಗೆ ಗೊತ್ತಿಲ್ಲ. ಊಟವನ್ನೇ ಬಿಟ್ಟು ರ‍್ಯೋಕಾನ್‌ನಲ್ಲಿ ತಂಗುವುದು, ಮದುವೆಗೆ ಹೋಗಿ ಅಕ್ಷತೆ ಹಾಕಿ ಪಂಕ್ತಿಗೆ ಕೂರದೆ ಬಂದ ಹಾಗೆ. ನಮ್ಮ ಹಣ ಹೋಯಿತು, ನಿಜ. ಆದರೆ ಆ ಹಣ ಏಕೆ ಹೋಯಿತೆಂದು ಬರೆದದ್ದು ಮೈಸೂರಿನವರ ಹಣ ಉಳಿಯಲೆಂದು, ತಮ್ಮ ನಗೆಗೆ ಅಲ್ಲ.

ಉತ್ತರ: ಹುಬ್ಬಳ್ಳಿ

ಮುತ್ತೈದೆಯ ಕಾಲುಂಗುರವನ್ನು ತೆಗೆದಿಡು ಎಂದು ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ನಾನು ಹೇಳುವವನಲ್ಲ, ಹೇಳಿದರೂ ಅವಳು ಕೇಳುವವಳಲ್ಲ. ಕಿನೊಸಾಕಿಯ ನೀರಿಗೆ ಬೆಳ್ಳಿ ಕಪ್ಪಾಗುವುದಿಲ್ಲ, ಏಕೆಂದರೆ ಅದು ಉಪ್ಪುನೀರು. ಅಲ್ಲಿ ಏಳು ಕೊಳಗಳಿಗೆ ಇಳಿದರೂ ಒಂದೇ ನೀರಿಗೆ ಏಳು ಸಲ ಇಳಿದಂತೆ.

ಉತ್ತರ: ಒಸಾಕಾ

ಕೋಯಾಸಾನಿನ ಫುಕುಚಿಯಿನ್ ದೇವಾಲಯದ ವಸತಿಯಲ್ಲಿ ನಿಜವಾದ ಬಿಸಿನೀರಿನ ಬುಗ್ಗೆಯ ಸ್ನಾನವಿದೆ ಎಂಬುದನ್ನು ಹುಬ್ಬಳ್ಳಿಯ ಹಿರಿಯರ ಗಮನಕ್ಕೆ ತರುತ್ತಿದ್ದೇನೆ. ಕಾನೂನು ಓದಿದವರು ಊರನ್ನೂ ಓದಬೇಕಿತ್ತು.

ಪ್ರಶ್ನೆ ಕೇಳಿದವರು: ಮೈಸೂರು

ಎಲ್ಲರಿಗೂ ವಂದನೆಗಳು. ದಾಶಿ, ಗಂಧಕ, ಕಾಲುಂಗುರ ಎಲ್ಲವೂ ತಿಳಿದವು. ಅಮ್ಮನ ಮಂಡಿಯ ವಿಚಾರವನ್ನು ಯಾರೂ ಎತ್ತಲಿಲ್ಲ.

ಉತ್ತರ: ಮಂಗಳೂರು

ನನ್ನ ತಾಯಿಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಯಾಗಿದೆ, ಆದ್ದರಿಂದ ಇದನ್ನೊಂದನ್ನೇ ಹೇಳುತ್ತೇನೆ. ತತಾಮಿ ಎಂಬ ಚಾಪೆಯ ನೆಲದ ಜೊತೆಗೆ ಮಂಚವೂ ಇರುವ ಕೋಣೆಯನ್ನು ವಾಯೋಶಿತ್ಸು ಎನ್ನುತ್ತಾರೆ, ಅದನ್ನೇ ಕೇಳಿ. ಕೆಳಗೆ ಹಾಸಿದ ಫುತೋನ್ ಹಾಸಿಗೆಯಿಂದ ನಡುರಾತ್ರಿ ಏಳುವುದು ಕೂರುವುದಕ್ಕಿಂತ ಕಷ್ಟ. ಊಟ ಕೋಣೆಯಲ್ಲೋ, ಮೇಜು ಕುರ್ಚಿಗಳ ಸಭಾಂಗಣದಲ್ಲೋ ಎಂದು ವಿಚಾರಿಸಿ. ಗಂಟೆಯ ಲೆಕ್ಕದಲ್ಲಿ ಮನೆಮಂದಿಗಷ್ಟೇ ಬಿಟ್ಟುಕೊಡುವ ಖಾಸಗಿ ಕೊಳವಿದ್ದರೆ ಮಗಳೋ ಸೊಸೆಯೋ ಕೈಹಿಡಿದು ಇಳಿಸಬಹುದು. ಅಲ್ಲಿ ಹಿಡಿಕಂಬಿ ಇದೆಯೇ ಎಂದು ಚಿತ್ರ ತರಿಸಿಕೊಂಡು ನೋಡಿ. ಹಿಮದ ಮೇಲೆ ಗೆತಾ ಎಂಬ ಮರದ ಪಾದುಕೆ ತೊಟ್ಟು ಬೀದಿ ಸುತ್ತುವ ಕಿನೊಸಾಕಿಯಾಗಲಿ, ಉದ್ದದ ಹಲಗೆ ಮೊಗಸಾಲೆಯ ಕೋಯಾಸಾನ್ ಆಗಲಿ ನಿಮ್ಮ ತಾಯಿಗೆ ಆಗದು.

ನಾವು ಅರಿಮಾಕ್ಕೆ ಹೋದೆವು, ತಲಾ 24,000 ಯೆನ್. ಕೋಬೆಯ ಸನ್ನೊಮಿಯಾದಿಂದ ಬಸ್ಸಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಕಬ್ಬಿಣ ಮತ್ತು ಉಪ್ಪು ತುಂಬಿದ ಕೆಂಗಂದು ನೀರು. ನಮ್ಮ ಎರಡು ಬಿಳಿ ಟವೆಲ್‌ಗಳು ಅದಕ್ಕೆ ಬಲಿಯಾದವು. ಕೊಂಬು ದಾಶಿಯಲ್ಲಿ ಅಡುಗೆ ಮಾಡಲು ತಲಾ 2,000 ಹೆಚ್ಚುವರಿ ಕೇಳಿದರು, ಕೊಟ್ಟೆವು, ಮಾತಿನಂತೆ ಮಾಡಿದರು. ಅದಕ್ಕೆ ಮುಂಚೆ ಕೇಳಿದ ಇನ್ನೊಂದು ಕಡೆಯವರು ನಮ್ಮಿಂದಾಗದು ಎಂದು ನೇರವಾಗಿಯೇ ಬರೆದಿದ್ದರು.

ಉತ್ತರ: ಹುಬ್ಬಳ್ಳಿ

ಅರಿಮಾ ಹಳ್ಳಿಗಾಡಲ್ಲ, ಕೋಬೆ ನಗರದ ಒಂದು ವಾರ್ಡಿನೊಳಗಿದೆ.

ಉತ್ತರ: ಮಂಗಳೂರು

ಆ ವಾರ್ಡಿನಲ್ಲಿ ನಾವು ತಂಗಿದ ಕಡೆ ಲಿಫ್ಟ್ ಇತ್ತು, ಸರ್. ತಮ್ಮ ಕಣಿವೆಯಲ್ಲಿ ಇತ್ತೇ?