ಸಹಾಯ ಬೇಕು: ಮಣಿಕಟ್ಟಿನ ಶಸ್ತ್ರಚಿಕಿತ್ಸೆಯ ನಂತರ ತಬಲಾ ನುಡಿಸುವುದು

ನಮಸ್ಕಾರ. ನಾನು ಧಾರವಾಡದಲ್ಲಿ ತಬಲಾ ನುಡಿಸುತ್ತ, ಮಕ್ಕಳಿಗೆ ಕಲಿಸುತ್ತ ಬಂದವನು. 11 ವರ್ಷಗಳ ಹಿಂದೆ ಬೈಕಿನಿಂದ ಬಿದ್ದಾಗ ಬರೀ ಉಳುಕೆಂದು ಪಟ್ಟಿ ಕಟ್ಟಿಸಿಕೊಂಡು ಮರೆತಿದ್ದ ಎಡ ಮಣಿಕಟ್ಟಿನಲ್ಲಿ, ಸ್ಕೇಫಾಯ್ಡ್ ಎಂಬ ಸಣ್ಣ ಎಲುಬು ಮುರಿದು ಇಂದಿಗೂ ಕೂಡಿಕೊಂಡಿಲ್ಲವೆಂದು ಈಗ ತಿಳಿದಿದೆ. ಆ ಎಲುಬಿಗೆ ರಕ್ತ ಪೂರೈಕೆ ಕಡಿಮೆಯಾದ್ದರಿಂದ ಹೀಗಾಗುವುದುಂಟಂತೆ. ಸೊಂಟದ ಎಲುಬಿನ ತುಣುಕನ್ನು ಅಲ್ಲಿ ಕೂಡಿಸಿ ಸ್ಕ್ರೂ ಹಾಕಬೇಕೆಂದು ವೈದ್ಯರು ಹೇಳಿದ್ದಾರೆ. ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ದೊಡ್ಡ ವಾದ್ಯವಾದ ಡಗ್ಗಾದ ಮೇಲೆ ಅಂಗೈಯ ಬುಡವನ್ನು ಒತ್ತಿ ಸರಿಸಿದಾಗಲೇ ಅದರ ನಾದ ಏರಿಳಿಯುವುದು. ಮಣಿಕಟ್ಟು ಬಿಗಿದುಕೊಂಡರೆ ಆ ಗುಂಜನ ನನ್ನ ಕೈ ಬಿಟ್ಟುಹೋದೀತೆಂಬ ಭಯ ನನಗೆ. ಇಂಥ ಶಸ್ತ್ರಚಿಕಿತ್ಸೆಯ ನಂತರ ಮರಳಿ ನುಡಿಸುತ್ತಿರುವವರು ನಿಮ್ಮಲ್ಲಿದ್ದರೆ, ಎಷ್ಟು ತಿಂಗಳಿಗೆ ಡಗ್ಗಾ ಮುಟ್ಟಿದಿರಿ, ಯಾವ ವ್ಯಾಯಾಮ ನೆರವಾಯಿತು ಎಂಬುದನ್ನು ದಯವಿಟ್ಟು ತಿಳಿಸಿರಿ. ಹುಬ್ಬಳ್ಳಿ-ಧಾರವಾಡದಲ್ಲಿ ಕೈಯ ಫಿಜಿಯೋಥೆರಪಿ ಬಲ್ಲವರನ್ನು ಸೂಚಿಸಿದರೂ ದೊಡ್ಡ ಉಪಕಾರವಾಗುತ್ತದೆ.