ಅಪ್‌ಡೇಟ್: ಲಾಗಿನ್ ಆದವರು ಮುಂದಿನ ಪುಟದಲ್ಲಿ ಮಾಯ! ಪರಿಹಾರ ಸಿಕ್ಕಿತು

ಎಎಸ್‌ಪಿ ಡಾಟ್ ನೆಟ್ ಎಂವಿಸಿ 5ರಲ್ಲಿ (ವೆಬ್‌ಸೈಟ್ ಕಟ್ಟುವ ಮೈಕ್ರೋಸಾಫ್ಟ್ ಫ್ರೇಮ್‌ವರ್ಕ್) ಯಾರಾದರೂ ಲಾಗಿನ್ ಆದ ಕೂಡಲೇ ನನ್ನದೇ ಕಸ್ಟಮ್ ಪ್ರಿನ್ಸಿಪಲ್ ಅನ್ನು (ಲಾಗಿನ್ ಆದವರು ಯಾರು, ಅವರ ರೋಲ್ ಏನು ಎಂದು ಹೇಳುವ ಆಬ್ಜೆಕ್ಟ್) ಎಚ್‌ಟಿಟಿಪಿ ಕಾಂಟೆಕ್ಸ್ಟ್‌ನ (ಒಂದು ರಿಕ್ವೆಸ್ಟ್‌ನ ವಿವರ ಹಿಡಿದಿಡುವ ಆಬ್ಜೆಕ್ಟ್) ಯೂಸರ್‌ಗೆ ಕೊಡುತ್ತಿದ್ದೆ. ಮುಂದಿನ ಪುಟಕ್ಕೆ ಹೋದರೆ ಅದು ಇರುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದೆ.

ತಪ್ಪು ನನ್ನದೇ. ಪ್ರತಿ ರಿಕ್ವೆಸ್ಟ್‌ಗೂ, ಅಂದರೆ ಬ್ರೌಸರ್ ಪುಟ ಕೇಳಿದಾಗಲೆಲ್ಲ, ಕಾಂಟೆಕ್ಸ್ಟ್ ಹೊಸದಾಗಿ ಹುಟ್ಟುತ್ತದೆ. ನಿನ್ನೆಯ ಬಸ್ ಟಿಕೆಟ್ ಇವತ್ತು ತೋರಿಸಿದ ಹಾಗೆ ಆಯ್ತು, ಅಲ್ವಾ?

ಮೊದಲು ಪ್ರಿನ್ಸಿಪಲ್ ಅನ್ನು ಸೆಷನ್‌ನಲ್ಲಿ (ಪುಟ ಬದಲಾದರೂ ಒಬ್ಬೊಬ್ಬರ ಮಾಹಿತಿ ಸರ್ವರ್ ಕಡೆ ಉಳಿಸುವ ಜಾಗ) ಇಟ್ಟು ನೋಡಿದೆ. ಆದರೆ ಅದನ್ನು ಮತ್ತೆ ಓದಬೇಕಾದ ಪೋಸ್ಟ್‌ಅಥೆಂಟಿಕೇಟ್‌ರಿಕ್ವೆಸ್ಟ್ ಹಂತದಲ್ಲಿ (ಬಳಕೆದಾರರನ್ನು ಗುರುತಿಸಿದ ತಕ್ಷಣ ಬರುವ ಹಂತ) ಸೆಷನ್ ಇನ್ನೂ ಲೋಡ್ ಆಗಿರುವುದಿಲ್ಲ, ಬರೀ ನಲ್, ಅಂದರೆ ಏನೂ ಇಲ್ಲ. ಆಮೇಲೆ ಫಾರ್ಮ್ಸ್ ಅಥೆಂಟಿಕೇಶನ್ ಟಿಕೆಟ್‌ನ (ಲಾಗಿನ್ ಆಗಿದ್ದಾರೆ ಎನ್ನುವ ಗುರುತು) ಯೂಸರ್‌ಡೇಟಾದಲ್ಲಿ (ನಮ್ಮ ಮಾಹಿತಿ ಇಡಲು ಅದರಲ್ಲಿರುವ ಜಾಗ) ಐಡಿ, ಹೆಸರು, ರೋಲ್ ಮೂರನ್ನೂ ಜೇಸನ್ ಪಠ್ಯವಾಗಿ ಮಾಡಿ ಹಾಕಿದೆ. ಎನ್‌ಕ್ರಿಪ್ಟ್ ಮಾಡಿ ಕುಕಿಗೆ (ಬ್ರೌಸರ್ ಇಟ್ಟುಕೊಂಡು ಪ್ರತಿ ರಿಕ್ವೆಸ್ಟ್ ಜೊತೆ ವಾಪಸ್ ಕಳಿಸುವ ಪುಟ್ಟ ಮಾಹಿತಿ) ಸೇರಿಸಿದೆ. ಗ್ಲೋಬಲ್ ಎಎಸ್‌ಎಎಕ್ಸ್‌ನಲ್ಲಿ (ಇಡೀ ಆ್ಯಪ್‌ಗೆ ಅನ್ವಯಿಸುವ ಕೋಡ್ ಇರುವ ಫೈಲ್) ಅದನ್ನು ಬಿಡಿಸಿ, ಪ್ರತಿ ಸಲವೂ ಪ್ರಿನ್ಸಿಪಲ್ ಹೊಸದಾಗಿ ಕಟ್ಟುತ್ತೇನೆ.

ಆದರೂ ಯೂಸರ್‌ಡೇಟಾ ಖಾಲಿ ಬರುತ್ತಿತ್ತು! ಅರ್ಧ ದಿನ ತಲೆ ಕೆರೆದುಕೊಂಡೆ. ನೋಡಿದರೆ ಲಾಗಿನ್ ಕುಕಿ ಬರೆಯುವ ಹಳೆಯ ಸೆಟ್‌ಆಥ್‌ಕುಕಿ ಸಾಲು ಕೆಳಗೆ ಹಾಗೇ ಕೂತಿತ್ತು. ಅದೇ ಹೆಸರಿನ ಕುಕಿಯನ್ನು ಖಾಲಿ ಯೂಸರ್‌ಡೇಟಾದೊಂದಿಗೆ ಮತ್ತೆ ಬರೆಯುತ್ತಿತ್ತು. ಆ ಒಂದು ಸಾಲು ತೆಗೆದೆ, ಎಲ್ಲ ಸರಿಹೋಯಿತು.

ಸುಮ್ನೆ ಸಿಕ್ಕಿದ್ದನ್ನೆಲ್ಲ ಕುಕಿಗೆ ತುಂಬಬೇಡಿ. ಬ್ರೌಸರ್‌ಗಳು ಒಂದು ಕುಕಿಗೆ ಸುಮಾರು 4,096 ಬೈಟ್ ಮಾತ್ರ ಬಿಡುತ್ತವೆ, ಎನ್‌ಕ್ರಿಪ್ಟ್ ಆದಮೇಲೆ ಗಾತ್ರ ಇನ್ನೂ ಜಾಸ್ತಿ. ಇನ್ನೊಂದು ತಲೆನೋವು ಬಾಕಿ ಇದೆ: ಅಡ್ಮಿನ್ ಯಾರದ್ದಾದರೂ ರೋಲ್ ಕಿತ್ತುಕೊಂಡರೆ, ಅವರು ಮತ್ತೆ ಲಾಗಿನ್ ಆಗುವವರೆಗೂ ಕುಕಿಯಲ್ಲಿ ಹಳೆಯ ರೋಲೇ ಇರುತ್ತದೆ. ರೋಲ್ ಮಾತ್ರ ಡೇಟಾಬೇಸ್‌ನಿಂದ ಓದಿ, ಐದು ನಿಮಿಷ ಕ್ಯಾಶ್ ಮಾಡುವ (ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುವ) ಯೋಚನೆ ಇದೆ.